ಕುಂಟಿಯ ಮರಿಗಳು

ಚಿತ್ರ ತೆಗೆಯುವವರ ಗಾಡಿಯಲ್ಲಿ ಮಾತಿಗೆ ಜಾಗವಿಲ್ಲ. ಅದಕ್ಕೇ ಸಿರೊಂಕಾ ಮಾವ ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡ.

ಅವನು ನನ್ನ ತಾಯಿಯ ತಮ್ಮ. ಮಾರಾ ಬಯಲಿನಲ್ಲಿ ಪ್ರವಾಸಿಗರ ಗಾಡಿ ಓಡಿಸುವವರಲ್ಲಿ ಹಳಬ. ಕ್ಯಾಂಪಿನ ಮ್ಯಾನೇಜರನ ಮುಂದೆ ನನ್ನನ್ನು ನಿಲ್ಲಿಸಿ, "ಇವಳು ಬಾಯಿ ತೆರೆಯೋದು ಉಗಾಲಿ ಮುದ್ದೆ ತಿನ್ನೋಕೆ ಮಾತ್ರ. ಕಣ್ಣು ಹದ್ದಿಂದು. ಹಿಂದಿನ ಸೀಟಿಗೆ ಇಂಥವಳೇ ಬೇಕು," ಎಂದಿದ್ದ. ನಾನು ನೆಲ ನೋಡುತ್ತ ನಿಂತಿದ್ದೆ. ಏಳನೆಯ ತರಗತಿಯಲ್ಲಿದ್ದಾಗ ಒಂದು ದಿನ ಕರು ಕಾಯಲು ಮನೆಯಲ್ಲಿ ಉಳಿದವಳು ಮತ್ತೆ ಶಾಲೆಗೆ ಹೋಗಲೇ ಇಲ್ಲ. ಹಾಗಾಗಿ ಯಾರಾದರೂ ಮ್ಯಾನೇಜರ್ ಎನ್ನುವವರು ಎದುರಿಗಿದ್ದರೆ ನನಗೆ ನೆಲವೇ ಚೆನ್ನಾಗಿ ಕಾಣುತ್ತಿತ್ತು.

ನನ್ನ ಕೆಲಸ ಸಣ್ಣದು. ಒಣ ಕಾಳು ತುಂಬಿದ ಚೀಲಗಳನ್ನು ಕಿಟಕಿಯ ಅಂಚಿಗೆ ಇಡುವುದು. ಕ್ಯಾಮೆರಾದ ಉದ್ದ ಲೆನ್ಸು ಅದರ ಮೇಲೆ ಮಗುವಿನ ತಲೆಯಂತೆ ಒರಗಿ ಅಲುಗದೆ ಕೂರುತ್ತದೆ. ಗಾಜಿನ ಧೂಳನ್ನು ಮೆತ್ತಗಿನ ಬ್ರಷ್ಷಿನಲ್ಲಿ ಹೊಡೆಯುವುದು. ಉಳಿದ ಹೊತ್ತು ಹಿಂದೆ ಕೂತು ನೋಡುವುದು.

ಮಾವನ ಕೆಲಸ ದೊಡ್ಡದು. ಪ್ರಾಣಿ ಎಲ್ಲಿದೆ ಎಂದು ಯಾರು ಬೇಕಾದರೂ ತೋರಿಸುತ್ತಾರೆ. ಇನ್ನು ಸ್ವಲ್ಪ ಹೊತ್ತಿಗೆ ಅದು ಎಲ್ಲಿಗೆ ಬರುತ್ತದೆ, ಆಗ ಸೂರ್ಯ ಯಾವ ಕಡೆ ಇರುತ್ತಾನೆ, ಬೇರೆ ಗಾಡಿ ಚಿತ್ರದ ಹಿಂದೆ ಬೀಳದಂತೆ ಎಲ್ಲಿ ನಿಲ್ಲಬೇಕು, ಇಷ್ಟನ್ನೂ ಲೆಕ್ಕ ಹಾಕಿ ಮೊದಲೇ ಹೋಗಿ ಎಂಜಿನ್ ಆರಿಸಿ ಕಾಯುತ್ತಿದ್ದ. ಎಂಜಿನ್ ಉಸಿರಾಡುತ್ತಿದ್ದರೂ ಚಿತ್ರ ನಡುಗುತ್ತದೆ. ದೂರದ ಊರುಗಳಿಂದ ಬರುವವರು ಇಂಥ ಕ್ಯಾಂಪ್ ಬೇಕು ಎನ್ನುತ್ತಿರಲಿಲ್ಲ, ಸಿರೊಂಕಾ ಬೇಕು ಎನ್ನುತ್ತಿದ್ದರು. ಗಾಡಿ ಸಿಕ್ಕ ಮೇಲೆ ಅವನು ತನ್ನ ದನಗಳನ್ನೆಲ್ಲ ತಮ್ಮನ ದೊಡ್ಡಿಗೆ ಬಿಟ್ಟುಕೊಟ್ಟಿದ್ದ. "ಇನ್ನು ನನಗೆ ಇದೇ ಮಂದೆ," ಎಂದು ಬಯಲಿನ ಕಡೆ ಗಲ್ಲ ಚಾಚಿ ತೋರಿಸುತ್ತಿದ್ದ.

ಆ ಮಂದೆಯ ಬಾಗಿಲು ಅವನ ಅಂಗಿಯ ಮೇಲಿದ್ದ ಹಿತ್ತಾಳೆ ಬಿಲ್ಲೆ. ಬಿಲ್ಲೆ ಇದ್ದವನಿಗೆ ಮಾತ್ರ ನಮ್ಮ ರಕ್ಷಿತ ಬಯಲಿನೊಳಗೆ ಗಾಡಿ ಬಿಡುತ್ತಾರೆ. ಗಾಡಿಯಿಂದ ಒಂದು ಪ್ರಾಣಿ ಸತ್ತರೆ ಬಿಲ್ಲೆ ಹೋಗುತ್ತದೆ, ಮತ್ತೆ ಸಿಗುವುದಿಲ್ಲ.

ಅದನ್ನು ಒಂದು ಬೆಳಿಗ್ಗೆ ಗೇಟಿನಲ್ಲಿ ಎಲ್ಲರಿಗೂ ಇನ್ನೊಮ್ಮೆ ಹೇಳಿದರು. ಗಾಡಿಗಳು ಸಾಲಾಗಿ ನಿಂತಿದ್ದವು. ಚಾಲಕರು ಇಳಿದು ಹಾಲಿನ ಚಹಾ ಕುಡಿಯುತ್ತಿದ್ದರು. ಕಾವಲಿನವರ ಮುಖ್ಯಸ್ಥ ಓಲೆ ತೊಂಪೊಯ್ ಕಲ್ಲಿನ ಮೇಲೆ ಹತ್ತಿ ನಿಂತ. ಅವನೂ ಮಾವನೂ ಒಂದೇ ವಾರಿಗೆಯವರು; ಒಂದೇ ದಿನ ತಲೆ ಬೋಳಿಸಿಕೊಂಡು ಹಿರಿಯರ ಸಾಲಿಗೆ ಸೇರಿದವರು.

"ಕೇಳ್ರಪ್ಪಾ. ಮರಿಗಳ ಹತ್ರ ಗಾಡಿ ನಿಲ್ಸಿದ್ರೆ, ಮತ್ತೆ ಶುರು ಮಾಡೋ ಮುಂಚೆ ಮರಿ ಎಣಿಸ್ಬೇಕು. ಮನಸ್ಸಲ್ಲಲ್ಲ, ಬಾಯಿ ಬಿಟ್ಟು. ಹಿಂದೆ ಕೂತವರೂ ಎಣಿಸ್ಬೇಕು. ಎರಡೂ ತಾಳೆ ಆದ್ಮೇಲೇ ಚಾವಿ ತಿರುಗಿಸೋದು. ಯಾಕೆ ಹೇಳ್ತಿದೀನಿ ಅಂತ ನಿಮಗೆಲ್ಲಾ ಗೊತ್ತು."

ಗೊತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಬೇರೆ ಕ್ಯಾಂಪಿನ ಒಬ್ಬ ನರಿಮರಿಯ ಮೇಲೆ ಗಾಡಿ ಹತ್ತಿಸಿದ್ದ. ಈಗ ಸಂತೆಯಲ್ಲಿ ಕೂತು ಹಳೆ ಟೈರು ಕತ್ತರಿಸಿ ಚಪ್ಪಲಿ ಮಾಡುತ್ತಾನೆ.

"ಪಾಪ, ಅವನಿಗೆ ಟೈರಿನ ಋಣ ತೀರಿಲ್ಲ," ಎಂದ ಕೊಯ್ನೆಟ್. ಅವನು ನಮ್ಮ ಕ್ಯಾಂಪಿನ ಇನ್ನೊಂದು ಗಾಡಿಯ ಚಾಲಕ. ಹೊಸಬ, ಉದ್ದ, ಬಾಯಿ ಸುಮ್ಮನಿರದವನು. "ಈ ಮಾತು ಸಿರೊಂಕಣ್ಣಂಗೆ ಹೇಳಿ ತೊಂಪೊಯ್ ಅವರೇ. ಅಣ್ಣ ತನ್ನ ಮಕ್ಕಳನ್ನೇ ಇನ್ನೂ ಎಣಿಸಿಲ್ಲ."

"ನಿಮ್ಮಪ್ಪ ಎಣಿಸಿದ್ದ," ಎಂದ ಮಾವ ಚಹಾ ಊದುತ್ತ. "ಅದಕ್ಕೇ ನೀನು ಹಿಂಗಾದೆ."

ಎಲ್ಲರೂ ನಕ್ಕರು. ತೊಂಪೊಯ್ ಕೂಡ ನಕ್ಕ, ಆದರೆ ಕಲ್ಲಿನಿಂದ ಇಳಿದು ಬಂದು ಮಾವನ ಹೆಗಲು ಹಿಡಿದ. "ನಗೋ ಮಾತಲ್ಲ ಕಣೋ. ನಿನಗೇ ಹೇಳ್ತಿರೋದು."

"ನಾನು ಮುಖ ನೋಡ್ತೀನಿ. ಮುಖ ನೋಡೋನಿಗೆ ಎಣಿಕೆ ಯಾಕೆ?"

ನಮ್ಮಲ್ಲಿ ಜೀವ ಇರುವುದನ್ನು ಎಣಿಸುವುದಿಲ್ಲ. ಮಕ್ಕಳನ್ನೂ ಇಲ್ಲ, ದನಗಳನ್ನೂ ಇಲ್ಲ. ಎಣಿಸಿದರೆ ಯಾವುದೋ ಕಿವಿ ಕೇಳಿಸಿಕೊಂಡು ಒಂದನ್ನು ಕಡಿಮೆ ಮಾಡುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಸಂಜೆ ದೊಡ್ಡಿಯ ಬಾಯಲ್ಲಿ ಅಜ್ಜ ನಿಂತಿರುತ್ತಿದ್ದ. ದನಗಳು ಒಂದೊಂದೇ ಒಳಗೆ ಹೋಗುತ್ತಿದ್ದವು. ಅವನು ಮುಖ, ಬಣ್ಣ, ಕೊಂಬು ನೋಡುತ್ತಿದ್ದ. "ಆ ಬೂದು ಹೊಟ್ಟೆಯವಳ ಕರು ಎಲ್ಲಿ?" ಎನ್ನುತ್ತಿದ್ದ, ಅಷ್ಟು ದೊಡ್ಡ ಮಂದೆಯಲ್ಲಿ. ಕರು ಬಂದ ಮೇಲೆ, "ಎಲ್ಲಾ ಇದಾವೆ," ಎನ್ನುತ್ತಿದ್ದ. ಬೇಲಿಯ ಪಕ್ಕದಿಂದ ಅಜ್ಜಿ, "ಇದಾವೆ," ಎನ್ನುತ್ತಿದ್ದಳು. ಆಮೇಲೆ ಮುಳ್ಳಿನ ಕೊಂಬೆ ಎಳೆದು ಬಾಗಿಲು ಮುಚ್ಚುತ್ತಿದ್ದರು. ಮಾವ ಆ ದೊಡ್ಡಿಯಲ್ಲೇ ಬೆಳೆದವನು. ನಾನೂ ಅಲ್ಲೇ.

ಆ ವಾರ ನಮ್ಮ ಗಾಡಿಯಲ್ಲಿ ಮರೈಕೆಯಮ್ಮ ಇದ್ದಳು. ಹಾಲೆಂಡಿನವಳು, ತಲೆ ಪೂರ್ತಿ ಬಿಳಿ. ಪ್ರತಿ ವರ್ಷ ಮಳೆ ಮುಗಿದು ಹುಲ್ಲು ಹಳದಿಗೆ ತಿರುಗುವಾಗ ಬರುತ್ತಿದ್ದಳು. ನಿಧಾನವಾಗಿ, ಒಂದೊಂದು ಪದ ಆರಿಸಿ ಸ್ವಾಹಿಲಿ ಮಾತಾಡುತ್ತಿದ್ದಳು. ಅವಳಿಗೆ ಒಂದೇ ಚಿತ್ರ ಬೇಕಿತ್ತು: ಓಡುವ ಚೀತಾ, ಕಾಲು ನಾಲ್ಕೂ ನೆಲ ಬಿಟ್ಟಿರಬೇಕು, ಸಂಜೆಯ ಬೆಳಕು ಕಣ್ಣಿಗೆ ಬಿದ್ದಿರಬೇಕು. ಎಷ್ಟೋ ವರ್ಷದಿಂದ ಅದು ಸಿಕ್ಕಿರಲಿಲ್ಲ. ಒಂದು ಸಲ ಬೆಳಕಿದ್ದರೆ ಓಟವಿಲ್ಲ, ಇನ್ನೊಂದು ಸಲ ಓಟವಿದ್ದರೆ ನಡುವೆ ಹುಲ್ಲು.

"ಈ ವರ್ಷ ಆಗದಿದ್ದರೆ ಮುಂದಿನ ವರ್ಷ ಬರುವುದಿಲ್ಲ," ಎಂದಿದ್ದಳು. "ಮೊಣಕಾಲು ಕೇಳುವುದಿಲ್ಲ."

"ಹೋದ್ ವರ್ಷಾನೂ ಮೊಣಕಾಲು ಇದನ್ನೇ ಹೇಳ್ತು ಅಮ್ಮಾ," ಎಂದಿದ್ದ ಮಾವ.

ನಾವು ಕುಂಟಿಯ ಹಿಂದೆ ಬಿದ್ದಿದ್ದೆವು. ಅವಳು ಹಿಂಗಾಲು ಸ್ವಲ್ಪ ಎಳೆದು ನಡೆಯುವ ಹೆಣ್ಣು ಚೀತಾ. ಓಡುವಾಗ ಆ ಎಳೆತ ಗೊತ್ತಾಗುತ್ತಿರಲಿಲ್ಲ. ಮರಿಗಳು ಇನ್ನೂ ಬೆನ್ನಿನ ಮೇಲೆ ಬೂದು ಕೂದಲು ಹೊತ್ತಿದ್ದವು. ಮಾವ ಅವಕ್ಕೂ ದನಗಳಿಗೆ ಇಟ್ಟ ಹಾಗೆ ಹೆಸರಿಟ್ಟಿದ್ದ. ಕರಿಬೆನ್ನು. ಗೊಣಗ. ತಾಯಿಯನ್ನು ಒಂದು ಹೆಜ್ಜೆ ಬಿಡದ ಅಮ್ಮನ ಬಾಲ. ಮತ್ತೆ ಸೋಮಾರಿ, ಎಲ್ಲಿ ನೆರಳಿದ್ದರೆ ಅಲ್ಲಿ ಬಿದ್ದುಕೊಳ್ಳುವುದು. ಮೊದಲ ದಿನವೇ ನಮ್ಮ ಗಾಡಿಯ ಕೆಳಗೆ ಬಂದು ಮಲಗಿತ್ತು. ಮಾವ ಬಾಗಿಲು ತಟ್ಟುತ್ತ, ಕೆಮ್ಮುತ್ತ, ಅದು ಎದ್ದು ಹೋಗುವವರೆಗೆ ಕಾದು ಕೂತಿದ್ದ. ಅಷ್ಟರಲ್ಲಿ ಕುಂಟಿ ಗುಡ್ಡ ದಾಟಿ ಬೇಟೆ ಮುಗಿಸಿದ್ದಳು. "ಬಾಡಿಗೆದಾರ," ಎಂದು ಬೈದಿದ್ದ ಅಷ್ಟೆ.

ಅದಾಗಿ ಸ್ವಲ್ಪ ದಿನದ ಮೇಲೆ ಒಂದು ಮಧ್ಯಾಹ್ನ ಕುಂಟಿ ಹುತ್ತದ ಮೇಲೆ ಕೂತಿದ್ದಳು. ನಾವು ಹತ್ತಿರದಲ್ಲೇ ಎಂಜಿನ್ ಆರಿಸಿ ನಿಂತಿದ್ದೆವು. ಮರಿಗಳು ಒಂದು ಗಿಡ್ಡ ಪೊದೆಯ ಸುತ್ತ ಚೆಲ್ಲಾಡಿ ಮಲಗಿದ್ದವು. ಬಿಸಿಲು ಇಳಿಯತೊಡಗಿತ್ತು, ಹುಲ್ಲು ಜೇನಿನ ಬಣ್ಣಕ್ಕೆ ಬರುತ್ತಿತ್ತು. ಬೇರೆ ಗಾಡಿಗಳೆಲ್ಲ ಆನೆ ನೋಡಲು ಹೊಳೆಯ ಕಡೆ ಹೋಗಿದ್ದವು. ಬಯಲಿನಲ್ಲಿ ನಾವೊಬ್ಬರೇ.

ದೂರದಲ್ಲಿ ಜಿಂಕೆಗಳು ಮೇಯುತ್ತ ಬಂದವು. ಕುಂಟಿ ಕಿವಿ ಚಪ್ಪಟೆ ಮಾಡಿ ಹುತ್ತದಿಂದ ಇಳಿದಳು. ಹುಲ್ಲಿನೊಳಗೆ ಅವಳ ಭುಜದ ಮೂಳೆಗಳು ಮಾತ್ರ ಏಳುತ್ತ ಇಳಿಯುತ್ತ ಮುಂದೆ ಹೋದವು.

ಮಾವ ಜಿಂಕೆಗಳನ್ನು ನೋಡಿದ, ಸೂರ್ಯನನ್ನು ನೋಡಿದ. "ಅವು ತಗ್ಗಿನ ಕಡೆ ಓಡ್ತವೆ. ಇಲ್ಲಿದ್ರೆ ಅವಳ ಬೆನ್ನು ಕಾಣುತ್ತೆ, ಅಷ್ಟೇ. ಹುತ್ತದ ಆ ಕಡೆ ಹೋಗ್ಬೇಕು. ಈಗ್ಲೇ."

"ಹಾಗಾದರೆ ಹೋಗು," ಎಂದಳು ಮರೈಕೆಯಮ್ಮ. "ಸಿರೊಂಕಾ, ಬೆಳಕು. ಬೆಳಕು ನೋಡು."

ಮಾವ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಪೊದೆಯ ಕಡೆ ನೋಡಿದ. ತುಟಿ ಅಲುಗುತ್ತಿತ್ತು.

"ಕರಿಬೆನ್ನು ಅಲ್ಲಿದೆ. ಅಮ್ಮನ ಬಾಲ ಕೂತಿದೆ. ಗೊಣಗನ ಮುಖ ಕಾಣ್ತು. ಸೋಮಾರಿ ಪೊದೆ ಹಿಂದೆ ಮಲಗಿದಾನೆ, ಬಾಲ ಇದೆ ನೋಡು."

ನಾನೂ ನೋಡಿದೆ. ಪೊದೆಯ ಆ ಬದಿಯಲ್ಲಿ ಬಾಲದ ತುದಿ ಇತ್ತು. ಒಮ್ಮೆ ಎದ್ದು ನೊಣ ಹೊಡೆದು ಬಿತ್ತು.

"ಎಲ್ಲಾ ಇದಾವೆ," ಎಂದ ಮಾವ.

"ಇದಾವೆ," ಎಂದೆ.

ಅವನು ಚಾವಿ ತಿರುಗಿಸಿದ. ಗಾಡಿ ಒಂದು ಮಾರಿನಷ್ಟು ಹೋಗಿರಬೇಕು. ಕಲ್ಲಿನ ಮೇಲೆ ಹತ್ತಿದರೆ ಗಾಡಿ ಗಟ್ಟಿಯಾಗಿ ಎತ್ತುತ್ತದೆ, ಇಳಿಸುತ್ತದೆ. ಇದು ಹಾಗಿರಲಿಲ್ಲ. ಮೆತ್ತಗೆ ಎತ್ತಿತು, ಮೆತ್ತಗೆ ಇಳಿಸಿತು.

ಮಾವ ಎಂಜಿನ್ ಆರಿಸಿದ. ಎರಡೂ ಕೈ ಸ್ಟೀರಿಂಗ್ ಚಕ್ರದ ಮೇಲೇ ಇದ್ದವು.

"ಏನಾಯಿತು? ನಡಿ ಸಿರೊಂಕಾ, ಅವಳು ಈಗ..." ಎಂದು ಮರೈಕೆಯಮ್ಮ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಹೇಳಿದಳು. ಗಾಡಿ ಕದಲದಿದ್ದಾಗ ತಿರುಗಿ ಮಾವನ ಕತ್ತನ್ನು ನೋಡಿದಳು.

ಸದ್ದಿಗೆ ಹೆದರಿ ಪೊದೆಯಿಂದ ಮರಿಗಳು ಎದ್ದಿದ್ದವು. ಗೊಣಗ ಎದ್ದಾಗ ಆ ಬದಿಯ ಬಾಲವೂ ಅದರ ಜೊತೆಗೇ ಎದ್ದಿತು. ಪೊದೆ ಅಷ್ಟು ಸಣ್ಣದು. ಈ ಕಡೆ ಅದರ ಮುಖ, ಆ ಕಡೆ ಅದರದೇ ಬಾಲ. ಅಜ್ಜನ ದೊಡ್ಡಿಯಲ್ಲಿ ಹೀಗಾಗುವುದಿಲ್ಲ. ದನಗಳಿಗೆ ಒಂದೊಂದಕ್ಕೆ ಒಂದೊಂದು ಬಣ್ಣ.

ಕುಂಟಿ ತಲೆ ಎತ್ತಿದಳು. ಜಿಂಕೆಗಳು ಚದುರಿ ತಗ್ಗಿನ ಕಡೆ ಓಡಿದವು, ಮಾವ ಹೇಳಿದ ಹಾಗೆಯೇ. ಅವಳು ಅವುಗಳ ಕಡೆ ನೋಡಲೂ ಇಲ್ಲ. ಚೀತಾ ತನ್ನ ಮರಿಯನ್ನು ಕರೆಯುವ ದನಿ ಹಕ್ಕಿಯ ಕೂಗಿನ ಹಾಗಿರುತ್ತದೆ, ಅಷ್ಟು ದೊಡ್ಡ ಮೈಯಿಂದ ಬಂದಿದ್ದು ಎನ್ನಿಸುವುದಿಲ್ಲ. ಕರೆಯುತ್ತ ಬಂದಳು. ಮೂರು ಮುಖ ಅವಳ ಹೊಟ್ಟೆಗೆ ಹೋಗಿ ಅಂಟಿದವು. ಅವಳು ಇನ್ನೂ ಕರೆಯುತ್ತಿದ್ದಳು. ಆಮೇಲೆ ನಮ್ಮ ಗಾಡಿಯ ಹತ್ತಿರ ಬಂದು ಬಗ್ಗಿ ಚಕ್ರದ ಕೆಳಗೆ ನೋಡಿದಳು. ನಾನು ಕಿಟಕಿಯಿಂದ ಕೈ ಚಾಚಿದ್ದರೆ ಅವಳ ಬೆನ್ನು ಮುಟ್ಟಬಹುದಿತ್ತು.

ಸೋಮಾರಿಯನ್ನು ಕತ್ತಿನಲ್ಲಿ ಹಿಡಿದು ಹೊರಗೆ ಎಳೆದುಕೊಂಡಳು. ಸ್ವಲ್ಪ ದೂರ ಹೊತ್ತುಕೊಂಡು ಹೋಗಿ ಹುಲ್ಲಿನ ಮೇಲೆ ಇಟ್ಟಳು. ಕಾಲಿನಿಂದ ಒಮ್ಮೆ ಉರುಳಿಸಿದಳು, ಮಲಗಿದ ಮರಿಯನ್ನು ಎಬ್ಬಿಸುವ ಹಾಗೆ. ಆಮೇಲೆ ಪಕ್ಕದಲ್ಲಿ ಕೂತು ಅದರ ಮುಖ ನೆಕ್ಕತೊಡಗಿದಳು.

ಮರೈಕೆಯಮ್ಮನ ಕೈ ಕ್ಯಾಮೆರಾದ ಮೇಲೆ ಇತ್ತು. "ತೆಗೆಯಲಾ?" ಎಂದು ಕೇಳಿದಳು, ಬಹಳ ಸಣ್ಣ ದನಿಯಲ್ಲಿ. "ತೆಗೆಯುವುದು ತಪ್ಪಾ?"

"ಇಲ್ಲಿಂದ ಬೇಡ," ಎಂದ ಮಾವ. "ಬೆಳಕು ಅವಳ ಹಿಂದಿದೆ."

ಅವನ ದನಿಯಲ್ಲಿ ಏನೂ ಇರಲಿಲ್ಲ. ದಿನಾ ಹೇಳುವ ಹಾಗೆಯೇ ಹೇಳಿದ. "ಕೂಸೇ, ಇಳೀಬೇಡ. ಬಗ್ಗಿ ಕೆಳಗೆ ನೋಡು."

ನಾನು ಎರಡೂ ಕಡೆಯಿಂದ ಬಗ್ಗಿ ನೋಡಿದೆ. ಒಂದು ಚಕ್ರ ಒದ್ದೆಯಾಗಿತ್ತು. "ಏನೂ ಇಲ್ಲ ಮಾವ," ಎಂದೆ.

ನಿಂತಿದ್ದ ಜಾಗ ಇಳಿಜಾರು. ಅವನು ಎಂಜಿನ್ ಮುಟ್ಟದೆ ಬ್ರೇಕ್ ಮಾತ್ರ ಸಡಿಲ ಮಾಡಿದ. ಗಾಡಿ ಸದ್ದಿಲ್ಲದೆ ಉರುಳಿ, ಸುತ್ತು ಹಾಕಿ, ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಂತಿತು. ಅಲ್ಲಿಂದ ನಮ್ಮ ಟೈರಿನ ಗುರುತು ಹುತ್ತದ ಮರೆಗೆ ಹೋಗಿತ್ತು. ಅವನು ಬೇಕೆಂದೇ ಹಾಗೆ ನಿಲ್ಲಿಸಿದನೋ, ಇಲ್ಲಾ ಚಿತ್ರದಲ್ಲಿ ಟೈರಿನ ಗುರುತು ಬೀಳಬಾರದೆಂಬ ಅಭ್ಯಾಸ ಅವನ ಕೈಯಲ್ಲಿತ್ತೋ ನನಗೆ ತಿಳಿಯದು. ನಾನು ಕಾಳಿನ ಚೀಲವನ್ನು ಆ ಕಿಟಕಿಯಿಂದ ಈ ಕಿಟಕಿಗೆ ಇಟ್ಟೆ. ನನ್ನ ಕೈಯೂ ತನ್ನ ಕೆಲಸ ಮಾಡಿತು.

ಮರೈಕೆಯಮ್ಮ ಚಿತ್ರ ತೆಗೆದಳು. ಅಳುತ್ತಿದ್ದಳು, ಆದರೆ ಭುಜ ಅಲುಗಲಿಲ್ಲ.

ಮುಳುಗುವ ಬಿಸಿಲು ಕುಂಟಿಯ ಮುಖಕ್ಕೆ ನೇರ ಬಿದ್ದಿತ್ತು. ಅವಳು ಮರಿಯ ಕತ್ತನ್ನು ಬಾಯಲ್ಲಿ ಹಿಡಿದು ಮೇಲೆತ್ತಿ ನಮ್ಮ ಕಡೆ ನೋಡಿದಳು. ಚೀತಾಗಳಿಗೆ ಕಣ್ಣಿನಿಂದ ಬಾಯಿಯವರೆಗೆ ಕರಿ ಗೆರೆ ಇರುತ್ತದೆ. ಹುಟ್ಟುವಾಗಲೇ ಬಂದಿದ್ದು, ದುಃಖಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಆ ಚಿತ್ರ ನೋಡುವವರು ಯಾರೂ ಅದನ್ನು ನಂಬುವುದಿಲ್ಲ.

ಬೆಳಕು ಹೋಗುವವರೆಗೂ ಅಲ್ಲೇ ಇದ್ದೆವು. ವಾಪಸು ಬರುವ ದಾರಿಯಲ್ಲಿ ಮರೈಕೆಯಮ್ಮನೇ ಮೊದಲು ಮಾತಾಡಿದಳು.

"ಯಾರೂ ನೋಡಿಲ್ಲ. ನಾನು ಹೇಳುವುದಿಲ್ಲ. ಅವಸರ ಮಾಡಿದ್ದು ನಾನು."

"ಚಾವಿ ನಿಮ್ಮ ಕೈಲಿತ್ತಾ ಅಮ್ಮಾ?"

"ಸಿರೊಂಕಾ, ನೀನು ಹೇಳಿದರೆ ಅದು ಬದುಕುತ್ತದಾ?"

ಮಾವ ಹಳ್ಳ ದಾಟುವಾಗ ಎಂದಿಗಿಂತ ನಿಧಾನಕ್ಕೆ ದಾಟಿಸಿದ.

ಕ್ಯಾಂಪಿನಲ್ಲಿ ಊಟಕ್ಕೆ ಮೊದಲು ಆ ದಿನದ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ತೋರಿಸುವುದು ವಾಡಿಕೆ. ಮರೈಕೆಯಮ್ಮ ಬೇಡವೆಂದಳು. ಆದರೆ ಮ್ಯಾನೇಜರ್ ಅವಳ ಭುಜದ ಮೇಲಿಂದ ಬಗ್ಗಿ ಕ್ಯಾಮೆರಾದ ಬೆನ್ನಿನಲ್ಲಿ ಅದನ್ನು ನೋಡಿಬಿಟ್ಟ. ಅವನು ಕರೆದ, ಉಳಿದವರು ಬಂದರು. ಅಡುಗೆಯವನು ಕೈ ಒರೆಸಿಕೊಳ್ಳುತ್ತ ಬಂದ.

"ಕತ್ತೆಕಿರುಬ," ಎಂದ ಕೊಯ್ನೆಟ್ ತಾನೇ. "ಆ ಹಳ್ಳದ ಹತ್ರ ಗುಂಪಿದೆ ಅಂತ ಮೊನ್ನೇನೇ ಹೇಳಿದ್ದೆ. ಅದೇ ತಾನೇ ಸಿರೊಂಕಣ್ಣಾ?"

ಮರೈಕೆಯಮ್ಮ ಮಾವನನ್ನು ನೋಡಿದಳು. ನಾನೂ ನೋಡಿದೆ. ಮಾವ ಚಹಾದ ಲೋಟ ಎತ್ತಿ ಊದಿದ. ಆ ಚಹಾ ಆಗಲೇ ತಣ್ಣಗಾಗಿತ್ತು.

"ಏನೇ ಹೇಳಿ, ಇಂಥ ಚಿತ್ರ ಈ ಬಯಲಲ್ಲಿ ಯಾರೂ ತೆಗೆದಿಲ್ಲ," ಎಂದ ಕೊಯ್ನೆಟ್. "ಅಣ್ಣ ಬೆಳಕು ಹೆಂಗ್ ಹಿಡ್ಸಿದಾನೆ ನೋಡಿ. ಕಲೀಬೇಕು ಕಣಪ್ಪಾ ನಾವು." ಅವನು ನಿಜವಾಗಿಯೂ ಹೊಗಳುತ್ತಿದ್ದ.

ಊಟಕ್ಕೆ ಕೂತಾಗ ಮಾವ ಉಗಾಲಿ ಮುರಿದು ಬೆರಳಲ್ಲಿ ಉಂಡೆ ಮಾಡಿದ. ಅದನ್ನು ಹಾಗೇ ತಟ್ಟೆಯಲ್ಲಿ ಇಟ್ಟು ಎದ್ದು ಹೋದ.

ಬೆಳಗಿನ ಹೊತ್ತಿಗೆ ಎಲ್ಲ ಗಾಡಿಗಳ ರೇಡಿಯೋದಲ್ಲಿ ಕತ್ತೆಕಿರುಬದ ಸುದ್ದಿಯೇ. ಮರೈಕೆಯಮ್ಮ ಡೇರೆಯಿಂದ ಹೊರಬರಲಿಲ್ಲ, ಮಾವ ನನ್ನನ್ನು ಮಾತ್ರ ಕೂರಿಸಿಕೊಂಡು ಹೊರಟ. ಗೇಟಿಗೆ ಬರುವ ಮೊದಲು ದಾರಿಯಲ್ಲಿ ನನಗೆ ಮೂರು ಬೇರೆ ಬೇರೆ ದನಿಗಳಲ್ಲಿ ಅದು ಕೇಳಿಸಿತು. ಒಬ್ಬ ಅದು ಓಡಿಹೋಗಿದ್ದನ್ನು ದೂರದಿಂದ ಕಂಡೆನೆಂದೂ ಹೇಳುತ್ತಿದ್ದ. ಮಾವ ರೇಡಿಯೋ ಆರಿಸಲಿಲ್ಲ. ಅವನ ಬಿಲ್ಲೆ ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ಎಷ್ಟು ಸುಲಭ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಅವನು ಸುಮ್ಮನಿರಲಿ ಎಂದು ನಾನು ಹಿಂದೆ ಕೂತು ಬೇಡಿಕೊಳ್ಳುತ್ತಿದ್ದೆ.

ಗೇಟಿನಲ್ಲಿ ತೊಂಪೊಯ್ ನಮ್ಮ ಗಾಡಿಯ ಕಿಟಕಿಗೆ ಬಂದ. ಮೊಣಕೈ ಊರಿ ನಿಂತ.

"ಕುಂಟಿ ಮರಿ ಒಂದು ಹೋಯ್ತಂತೆ."

"ಹೂಂ."

"ಮರಿಗಳಂದ್ರೆ ಅಷ್ಟೇ ಬಿಡು, ಉಳಿಯೋದೇ ಕಷ್ಟ. ಉಳಿದವು? ನೀನು ಎಣಿಸಲ್ಲ, ಗೊತ್ತು. ಎಲ್ಲಾ ಇದಾವೆ ಅಂತಾದ್ರೂ ಹೇಳು. ಮೇಲಿನವರಿಗೆ ನಾನು ಹೇಳ್ಬೇಕು."

ಮಾವ ಬಾಯಿ ತೆರೆದ. ಆ ಮಾತು ಅವನಿಗೆ ಹಾಲು ಕುಡಿದಷ್ಟು ಅಭ್ಯಾಸ. ನಿನ್ನೆ ಸಂಜೆ ಹೇಳಿದ್ದ, ಹುಡುಗನಾಗಿದ್ದಾಗಿಂದ ಹೇಳಿದ್ದ. ಅದು ಹೊರಗೆ ಬರಲಿಲ್ಲ.

"ಒಂದು," ಎಂದ ಮಾವ.

ತೊಂಪೊಯ್ ಹುಬ್ಬು ಗಂಟಿಕ್ಕಿದ.

"ಒಂದು, ಕರಿಬೆನ್ನು. ಎರಡು, ಗೊಣಗ. ಮೂರು, ಅಮ್ಮನ ಬಾಲ."

ಪಕ್ಕದ ಗಾಡಿಯಿಂದ ಕೊಯ್ನೆಟ್ ನಕ್ಕ. "ಅಯ್ಯಯ್ಯೋ, ಕೇಳ್ರೋ ಇಲ್ಲಿ, ಸಿರೊಂಕಣ್ಣ ಎಣಿಸ್ತಿದಾನೆ."

"ನಾಲ್ಕು, ಸೋಮಾರಿ," ಎಂದ ಮಾವ. "ಹಿಂದಿನ ಎಡಗಡೆ ಚಕ್ರ. ನಾನೇ ಹತ್ತಿಸಿದೆ."

ಕೊಯ್ನೆಟ್‌ನ ನಗು ಅರ್ಧಕ್ಕೇ ನಿಂತಿತು. ಎಲ್ಲೋ ಒಂದು ಗಾಡಿಯ ರೇಡಿಯೋ ಇನ್ನೂ ಕತ್ತೆಕಿರುಬ ಎನ್ನುತ್ತಿತ್ತು. ಯಾರೋ ಅದನ್ನು ಆರಿಸಿದರು.

ತೊಂಪೊಯ್ ಕಿಟಕಿಗೆ ಇನ್ನಷ್ಟು ಬಗ್ಗಿ ದನಿ ತಗ್ಗಿಸಿ, "ನಾನು ಕೇಳಿದ್ದು ಉಳಿದವನ್ನ ಕಣೋ," ಎಂದ. "ಸತ್ತಿದ್ದನ್ನ ಯಾರು ಕೇಳಿದ್ರು ನಿನ್ನ? ಕತ್ತೆಕಿರುಬ ಅಂತಾನೇ ಇತ್ತಲ್ಲೋ."

"ಇತ್ತು."

"ಇಷ್ಟು ಜನದ ಮುಂದೆ ಹೇಳ್ಬಿಟ್ಟೆ. ಇನ್ನು ನಾನೇನು ಮಾಡ್ಲಿ?"

"ಮಾಡೋದನ್ನ ಮಾಡು."

ಮಾವ ಅಂಗಿಯ ಮೇಲಿನ ಬಿಲ್ಲೆಗೆ ಕೈ ಹಾಕಿದ. ಪಿನ್ನು ತುಕ್ಕು ಹಿಡಿದು ಬಟ್ಟೆಗೆ ಕಚ್ಚಿಕೊಂಡಿತ್ತು. ಅವನ ಬೆರಳಿಗೆ ಅದು ಬರಲಿಲ್ಲ. ತೊಂಪೊಯ್ ಕಿಟಕಿಯೊಳಗೆ ಎರಡೂ ಕೈ ಹಾಕಿ, ಚಿಕ್ಕ ಮಗುವಿನ ಗುಂಡಿ ಬಿಚ್ಚುವ ಹಾಗೆ ಬಿಡಿಸಿ ತೆಗೆದುಕೊಂಡ. ಅಂಗಿಯಲ್ಲಿ ಎರಡು ತೂತು ಉಳಿದವು. ಅವುಗಳ ಸುತ್ತ ಬಟ್ಟೆಯ ಹಳೆಯ ಹಸಿರು ಮಾಸದೆ ಹಾಗೇ ಇತ್ತು.

ಬಿಲ್ಲೆ ಇಲ್ಲದವನು ಅಲ್ಲಿಂದ ಗಾಡಿ ತಿರುಗಿಸುವಂತೆಯೂ ಇರಲಿಲ್ಲ. ಒಬ್ಬ ಕಾವಲುಗಾರ ಮುಂದೆ ಬಂದು ಕೂತ. ಮಾವ ಇಳಿದು ನನ್ನ ಪಕ್ಕ ಹಿಂದಿನ ಸೀಟಿಗೆ ಬಂದ. ಅವನಿಗೆ ಅಲ್ಲಿ ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ನಾನು ಕಾಳಿನ ಚೀಲಗಳನ್ನು ಮಡಿಲಿಗೆ ಎತ್ತಿಕೊಂಡು ಜಾಗ ಮಾಡಿದೆ. ಕಾವಲುಗಾರ ಗೇರು ಕರಕರ ಎನ್ನಿಸಿದ. ಮಾವನ ಎಡಗಾಲು ಕ್ಲಚ್ ಒತ್ತುವ ಹಾಗೆ ತಾನಾಗಿ ನೆಲ ಒತ್ತಿತು.

ಕ್ಯಾಂಪಿನಲ್ಲಿ ಮ್ಯಾನೇಜರ್ ಮಾವನ ಕೈ ಹಿಡಿದು ಏನೇನೋ ಒಳ್ಳೆಯ ಮಾತಾಡಿದ. ಆಮೇಲೆ ನನ್ನ ಕಡೆ ತಿರುಗಿ, "ನೀನು ನಾಳೆ ಬಾ ನಾಸಿಯೆಕು. ಕೊಯ್ನೆಟ್ ಗಾಡಿಗೆ," ಎಂದ. ನಾನು ನೆಲ ನೋಡಿದೆ.

ನಾವು ಹೊರಡುವಾಗ ಮರೈಕೆಯಮ್ಮ ಡೇರೆಯಿಂದ ಹೊರಗೆ ಬಂದಳು. ಕೈಯಲ್ಲಿ ಕ್ಯಾಮೆರಾ ಇತ್ತು. ರಾತ್ರಿ ನಿದ್ದೆ ಮಾಡಿದ ಮುಖವಲ್ಲ.

"ಸಿರೊಂಕಾ, ನೋಡು," ಎಂದು ಕ್ಯಾಮೆರಾದ ಬೆನ್ನನ್ನು ಅವನಿಗೆ ತೋರಿಸಿದಳು. ಕುಂಟಿ ಮರಿಯನ್ನು ಹಿಡಿದು ನಮ್ಮನ್ನು ನೋಡುತ್ತಿದ್ದಳು. ಬೆಳಕು ಅವಳ ಎರಡೂ ಕಣ್ಣಿನಲ್ಲಿ ಇತ್ತು. ಮರೈಕೆಯಮ್ಮ ಒಂದು ಗುಂಡಿ ಒತ್ತಿದಳು, ಇನ್ನೊಂದು ಒತ್ತಿದಳು. ಚಿತ್ರ ಹೋಯಿತು. ಅದರ ಜಾಗದಲ್ಲಿ ಹುತ್ತದ ಮೇಲೆ ಕೂತ ಕುಂಟಿ ಬಂದಳು, ಹಿಂದೆ ಖಾಲಿ ಆಕಾಶ.

"ಎಲ್ಲವನ್ನೂ ಅಳಿಸಿದೆ," ಎಂದಳು. "ಬೇರೆ ಎಲ್ಲೂ ಇಲ್ಲ. ನೀನು ನಿನ್ನದನ್ನು ಕೊಟ್ಟೆ. ನಾನು ಇದನ್ನು ಮನೆಗೆ ಕೊಂಡೊಯ್ಯಲಾರೆ. ಜನ ಹೊಗಳುತ್ತಾರೆ. ನನಗೆ ನಾಚಿಕೆ."

ಮಾವ ಪರದೆಯನ್ನೇ ನೋಡುತ್ತಿದ್ದ.

"ಯಾಕಮ್ಮಾ?"

"ನಿನಗಾಗಿ."

"ನಾನು ಕೇಳಿದ್ನಾ?"

ಅವಳು ತಬ್ಬಿಬ್ಬಾದಳು. ಕೈ ಚಾಚಿದಳು. ಮಾವ ಒಂದು ಹೆಜ್ಜೆ ಹಿಂದೆ ಹೋದ. ಅವನು ಗದರಿಸಲಿಲ್ಲ. ಅವನು ಗದರಿಸಿದ್ದನ್ನು ನಾನು ಯಾವತ್ತೂ ನೋಡಿಲ್ಲ.

"ಅದರ ಮುಖ ಚೆನ್ನಾಗಿ ಬಂದಿತ್ತು," ಎಂದ. "ತಾಯಿದಲ್ಲ, ಮರೀದು. ದಿನಾ ಮಲಗೋ ಹಾಗೇ ಬಂದಿತ್ತು. ಅದೊಂದಿತ್ತು. ಅದನ್ನೂ ಇಲ್ಲ ಅನ್ನಿಸ್ಬಿಟ್ರಲ್ಲ."

ಮರೈಕೆಯಮ್ಮನಿಗೆ ಅವನ ಮಾತು ಪೂರ್ತಿ ಅರ್ಥವಾಗಲಿಲ್ಲವೇನೋ. ನನ್ನ ಕಡೆ ನೋಡಿದಳು. ನಾನು ಅವಳಿಗೆ ಏನಾದರೂ ಹೇಳಬೇಕೆಂದುಕೊಂಡೆ. ಸ್ವಾಹಿಲಿಯಲ್ಲಿ ಮಾತು ಜೋಡಿಸುವಷ್ಟರಲ್ಲಿ ಮಾವ ಹೊರಟುಬಿಟ್ಟಿದ್ದ.

ಹಟ್ಟಿಗೆ ನಡೆದೇ ಹೋದೆವು. ಕ್ಯಾಂಪಿನವರು ಗಾಡಿ ಕೊಡುತ್ತೇವೆಂದರೂ ಅವನು ಹತ್ತಲಿಲ್ಲ. ಕೆಂಪು ಹೊದಿಕೆ ಹೊದ್ದು, ಕೋಲು ಹಿಡಿದು ಮುಂದೆ ನಡೆದ. ನಾನು ಸ್ವಲ್ಪ ಹಿಂದೆ. ಗಾಡಿಯಲ್ಲಿ ಕೂತು ನೋಡಿದಷ್ಟೂ ದಿನ ಆ ಬಯಲು ಇಷ್ಟು ದೊಡ್ಡದೆಂದು ನನಗೆ ಗೊತ್ತಾಗಿರಲಿಲ್ಲ.

ಅರ್ಧ ದಾರಿಯಲ್ಲಿ ಹಿಂದಿನಿಂದ ಪ್ರವಾಸಿಗರ ಗಾಡಿಯೊಂದು ಬಂತು. ಬೇರೆ ಕ್ಯಾಂಪಿನದು, ಚಾಲಕ ಗುರುತಿನವನಲ್ಲ. ನಮ್ಮನ್ನು ದಾಟಿ ಮುಂದೆ ಹೋಗಿ ನಿಂತಿತು. ಕಿಟಕಿಗಳಿಂದ ಕ್ಯಾಮೆರಾಗಳು ಹೊರಗೆ ಬಂದವು. ಬಯಲಿನಲ್ಲಿ ಕೆಂಪು ಹೊದಿಕೆಯ ಒಬ್ಬ ಗಂಡಸು, ಹಿಂದೆ ಒಬ್ಬ ಹುಡುಗಿ. ನಾನು ಮುಖ ತಗ್ಗಿಸಿದೆ.

ಮಾವ ಒಮ್ಮೆ ತಲೆ ಎತ್ತಿ ಸೂರ್ಯನನ್ನು ನೋಡಿದ, ಗಾಡಿಯನ್ನು ನೋಡಿದ. ಹೆಜ್ಜೆ ನಿಲ್ಲಿಸಲಿಲ್ಲ.

"ತಪ್ಪು ಜಾಗದಲ್ಲಿ ನಿಲ್ಸಿದಾನೆ," ಎಂದ, ನನಗೆ ಮಾತ್ರ ಕೇಳಿಸುವಷ್ಟು. "ಬಿಸಿಲು ಅವರ ಎದುರಿಗಿದೆ. ನಾವು ಕರ್ರಗೆ ಬರ್ತೀವಿ, ಮುಖ ಕಾಣಲ್ಲ. ನಡಿ."